ಎಂಟು ಪ್ಲಗ್ಗುಗಳ ಪಂಚಾಯ್ತಿ

ವಿಮಾನ ಹಾರಬೇಕಾಗಿರಲಿಲ್ಲ. ನಿಂತಲ್ಲೇ ಎರಡು ನಿಮಿಷ ಗುರುಗುಟ್ಟಿದ್ದರೆ ಸಾಕಿತ್ತು. ಅದೂ ಆಗಲಿಲ್ಲ.

2003ರ ಅಕ್ಟೋಬರ್, ಮೊದಲ ಶನಿವಾರ. ಡೆಟ್ರಾಯಿಟ್‌ನಿಂದ ಪಶ್ಚಿಮಕ್ಕೆ ನಲವತ್ತು ಮೈಲಿ ದೂರದಲ್ಲಿರುವ ಹ್ಯಾಡ್ಲಿ ವಿಮಾನ ಮ್ಯೂಸಿಯಂ. ಮನುಷ್ಯ ವಿಮಾನ ಹಾರಿಸಿ ನೂರು ವರ್ಷವಾಯಿತೆಂದು ಆ ವರ್ಷ ಎಲ್ಲೆಡೆ ಉತ್ಸವ. ಇಲ್ಲೂ ಇನ್ನೂರು ಜನ ಕಾಗದದ ಲೋಟದಲ್ಲಿ ಕಾಫಿ ಹಿಡಿದು ಹುಲ್ಲಿನ ಮೇಲೆ ನಿಂತಿದ್ದರು. ಎದುರಿಗೆ 1911ರ ವಿಮಾನ. ಎಂಟು ಸಿಲಿಂಡರಿನ ಎಂಜಿನ್, ಎಂಟು ಸ್ಪಾರ್ಕ್ ಪ್ಲಗ್. ಯಾರೋ ಪ್ರೊಪೆಲ್ಲರ್ ತಿರುಗಿಸಿದರು. ಮೆಕ್ಯಾನಿಕ್ ವಾಲ್ಟ್ ಎಂಜಿನ್ನಿನ ಪಕ್ಕದಲ್ಲೇ ತಲೆ ಬಗ್ಗಿಸಿ ನಿಂತಿದ್ದ. ಎಂಜಿನ್ ಎರಡು ಸಲ ಕೆಮ್ಮಿತು. ಮೂರನೆಯ ಸಲ ಢಮ್ಮೆಂದು ಬೆಂಕಿ ಉಗುಳಿತು. ವಾಲ್ಟನ ಹುಬ್ಬು ಹೋಯಿತು. ಮೇಲಿನ ರೆಕ್ಕೆಯ ಬಟ್ಟೆ ಮೊಳದಷ್ಟು ಸುಟ್ಟಿತು.

ಬೆಂಕಿ ಆರಿಸಿ, ಎಂಜಿನ್ ತಣ್ಣಗಾದ ಮೇಲೆ ವಾಲ್ಟ್ ಪ್ಲಗ್ ಬಿಚ್ಚಿದ. ಮೊದಲನೆಯದನ್ನು ನೋಡಿದ. ಕನ್ನಡಕ ಹಾಕಿಕೊಂಡು ಮತ್ತೆ ನೋಡಿದ. ಎಂಟನ್ನೂ ಬಿಚ್ಚಿ ಟವೆಲ್ಲಿನ ಮೇಲೆ ಸಾಲಾಗಿ ಇಟ್ಟ.

"ಇವು ನಮ್ಮವಲ್ಲ" ಎಂದ.

ನಿಜಕ್ಕೂ ಅಲ್ಲ. ಮ್ಯೂಸಿಯಂನ ಹೆಮ್ಮೆಯೇ ಆ ಕಾಲದ ಅಸಲಿ ಪಿಂಗಾಣಿ ಪ್ಲಗ್ಗುಗಳು. ಟವೆಲ್ಲಿನ ಮೇಲೆ ಮಲಗಿದ್ದವು ಹಳೆಯ ಟ್ರ್ಯಾಕ್ಟರಿನವು. ಕಂಪನಿಯ ಹೆಸರನ್ನು ಯಾರೋ ಉಜ್ಜಿ ತೆಗೆದಿದ್ದರು. ಅವು ಬಂದ ಪೆಟ್ಟಿಗೆಯನ್ನು ವಾಲ್ಟ್ ಅದೇ ಬೆಳಿಗ್ಗೆ ಹತ್ತು ಜನರ ಎದುರಿಗೆ ಒಡೆದಿದ್ದ. ಮುಚ್ಚಳದ ಮೇಲೆ, ಪ್ಲಗ್ಗುಗಳನ್ನು ಪರೀಕ್ಷೆ ಮಾಡಿದ ಶಿಕಾಗೋದ ಲ್ಯಾಬಿನ ಸೀಲು ಹಾಗೇ ಇತ್ತು. ಸೀಲಿನ ಮೇಲೆ ಲ್ಯಾಬಿನವನ ಸಹಿ: ಷರೀಫ್.

ಸೀಲು ಹಾಕಿದವನೇ ಕದ್ದ ಎಂದು ಮ್ಯೂಸಿಯಂ ಡೈರೆಕ್ಟರ್ ಮಿಸೆಸ್ ಹ್ಯಾಡ್ಲಿ ಅಲ್ಲೇ ತೀರ್ಪು ಕೊಟ್ಟರು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜಾತಿಯ ಪೊಲೀಸರು ಅದನ್ನೇ ಬರೆದುಕೊಂಡರು.

* * *

ಸೋಮವಾರ ಆ ಫೈಲು ನನ್ನ ಹೆಂಡತಿಯ ಮೇಜಿಗೆ ಬಂತು.

ಗುರುದೇವಿ ಶಿಕಾಗೋ ಪಕ್ಕದ ಡೆಸ್ ಪ್ಲೇನ್ಸ್‌ನಲ್ಲಿ, ಆ ಮ್ಯೂಸಿಯಂಗೆ ವಿಮೆ ಕೊಟ್ಟ ಇನ್ಶೂರೆನ್ಸ್ ಕಂಪನಿಯಲ್ಲಿ ತನಿಖೆಯ ಕೆಲಸ ಮಾಡುತ್ತಾಳೆ. ಕಳ್ಳರನ್ನು ಹಿಡಿಯುತ್ತಾಳೆ, ಅದಕ್ಕಿಂತ ಹೆಚ್ಚಾಗಿ ಸುಳ್ಳರನ್ನು. ನಾನು ಕಲ್ಲಿನಾಥ, ಫಾರ್ಮಸಿಸ್ಟ್. ಆ ವಾರ ರಜೆ ಹಾಕಿದ್ದೆ. ವೆಸ್ಟ್‌ಮಂಟ್‌ನ ನಮ್ಮ ಮನೆಯ ಸೋಫಾದ ಮೇಲೆ ಏಳು ದಿನ ಬಿದ್ದುಕೊಳ್ಳುವುದೆಂದು ತೀರ್ಮಾನಿಸಿದ್ದೆ. ಭಾನುವಾರ ಇವಳು ಹೊಗೆ ಅಲಾರಮ್ಮಿನ ಬ್ಯಾಟರಿ ಬದಲಿಸಲು ಸ್ಟೂಲು ಹತ್ತಿ, ಬಿದ್ದು, ಬಲಗೈ ಮುರಿದುಕೊಂಡಳು. ಬ್ಯಾಟರಿ ಬದಲಿಸು ಎಂದು ನನಗೆ ಮೂರು ವಾರದಿಂದ ಹೇಳುತ್ತಿದ್ದಳಂತೆ. ಹಾಗಾಗಿ ತಪ್ಪು ನನ್ನದು. ಹಾಗಾಗಿ ಡ್ರೈವರ್ ನಾನು, ಗುಮಾಸ್ತ ನಾನು, ಊಟದ ಡಬ್ಬಿ ಹೊರುವವನೂ ನಾನು.

"ನೋಡ್ರಿ ಇಲ್ಲೆ" ಎಂದು ಅವಳು ಎಡಗೈಯಲ್ಲಿ ಒಂದು ಹಾಳೆ ಬೀಸಿದಳು. "ನಮ್ಮ ಬಾಸು ದೊಡ್ಡ ಸುಳಿವು ಹಿಡದಾನಂತ. ಷರೀಫ್ ಅವರು ಪ್ಲಗ್ ತಾವೇ ಕಾರಿನ್ಯಾಗ ಒಯ್ದು ಕೊಟ್ಟಾರ. ಮೂರು ಗಂಟೇಕ್ಕ ಮುಟ್ಟಿದೆ ಅಂತ ಬರದಾರ. ಮ್ಯೂಸಿಯಂ ರಿಜಿಸ್ಟರ್‌ನ್ಯಾಗ ನಾಲ್ಕು ಐತಿ. ಆ ಒಂದು ತಾಸು ಎಲ್ಲಿದ್ದರು, ಏನು ಮಾಡಿದರು ಅಂತ ಕೇಳಾಕತ್ತಾನ."

"ಎಲ್ಲಿದ್ದರು?"

"ಎಲ್ಲಿರತಾರ! ಇಂಡಿಯಾನಾ ದಾಟಿ ಮಿಶಿಗನ್‌ಗೆ ಹೊಕ್ಕರ ಗಡಿಯಾರ ಒಂದು ತಾಸು ಮುಂದ ಹೋಗತೈತಿ. ಅವರ ಕಾರಿನ ಗಡಿಯಾರ ಶಿಕಾಗೋದು. ಇಪ್ಪತ್ತು ವರ್ಷ ಈ ದೇಶದಾಗ ಹುಟ್ಟಿ ಬೆಳದು ಇದು ಗೊತ್ತಿಲ್ಲ ಅಂದರ ಏನು ಮಾಡೋದು ಇವರಿಗೆ?"

ಬಾಸಿಗೆ ಐವತ್ತೈದು ವರ್ಷ. ನಾನು ತಿದ್ದಲು ಹೋಗಲಿಲ್ಲ.

* * *

ಮಂಗಳವಾರ ಎಲ್ಕ್ ಗ್ರೋವ್ ವಿಲೇಜಿಗೆ ಹೋದೆವು. ಅಲ್ಲಿ ವಿಳಾಸ ಹುಡುಕುವುದು ದೇವರಿಗೇ ಪ್ರೀತಿ. ಕಿಟಕಿಯಿಲ್ಲದ ಬೂದು ಕಟ್ಟಡಗಳು, ಒಂದರ ಪಕ್ಕ ಒಂದು, ಮೈಲಿಗಟ್ಟಲೆ. ಮೂರು ಸಲ ಯೂ ಟರ್ನ್ ಮಾಡಿದ ಮೇಲೆ ಲ್ಯಾಬು ಸಿಕ್ಕಿತು. ಒಳಗೆ ಹೋದರೆ ಕೌಂಟರಿನಲ್ಲಿ ಕೂತ ಹುಡುಗಿ ನಮ್ಮನ್ನು ನೋಡಿ ನಿಟ್ಟುಸಿರು ಬಿಟ್ಟಳು. ಷರೀಫ್ ಅವರ ಮಗಳು ಅಲಿಯಾ, ಕಾಲೇಜು ಓದುವವಳು.

"ಡ್ಯಾಡ್! ಅನದರ್ ಒನ್."

ಷರೀಫ್ ಕೈ ಒರೆಸಿಕೊಳ್ಳುತ್ತಲೇ ಹೊರಬಂದರು. ಅರಸೀಕೆರೆಯವರು. ಬೆಂಗಳೂರಿನ ಪಿಂಗಾಣಿ ಇನ್ಸುಲೇಟರ್ ಕಾರ್ಖಾನೆಯಲ್ಲಿ ಇಪ್ಪತ್ತೊಂದು ವರ್ಷ, ಇಲ್ಲಿ ಒಂಬತ್ತು ವರ್ಷ, ಒಟ್ಟು ಮೂವತ್ತು ವರ್ಷ ಪಿಂಗಾಣಿಗೆ ಕರೆಂಟು ಕೊಟ್ಟು ತಾಳುತ್ತದೋ ಇಲ್ಲವೋ ನೋಡುವುದೇ ಕೆಲಸ.

"ಬನ್ನಿ ಮೇಡಂ, ನೀವೂ ಕೇಳಿ. ಪೊಲೀಸ್ನೋರು ಫೋನಲ್ಲಿ ಎರಡು ಸಲ, ಎದುರಿಗೆ ಒಂದು ಸಲ ಕೇಳಿದ್ರು. ಅದೇ ಪ್ರಶ್ನೆ, ಅದೇ ಉತ್ತರ."

"ನಾ ಬ್ಯಾರೆ ಕೇಳತೀನಿ. ಚಹಾ ಐತೇನ್ರಿ?"

ಷರೀಫ್ ಅವರ ಮುಖ ಸ್ವಲ್ಪ ಸಡಿಲವಾಯಿತು. ಚಹಾ ಬಂತು. ಗುರುದೇವಿ ಪ್ಲಗ್ ಪರೀಕ್ಷೆ ಹೇಗೆ ಮಾಡುತ್ತೀರಿ, ತೋರಿಸಿ ಎಂದಳು. ಅವರು ಒಂದು ದಪ್ಪ ಉಕ್ಕಿನ ಡಬ್ಬಿಗೆ ಪ್ಲಗ್ ತಿರುಗಿಸಿ ಕೂರಿಸಿದರು. ಡಬ್ಬಿಗೆ ಒಂದು ಗಾಜಿನ ಕಿಟಕಿ. ಸ್ವಿಚ್ ಹಾಕಿದರು. ಒಳಗೆ ನೀಲಿ ಕಿಡಿ ಚಟಪಟ ಹಾರಿತು.

"ಚೆನ್ನಾಗಿದೆ ಅಲ್ವಾ? ಎಲ್ಲರೂ ಹಾಗೇ ಅನ್ಕೋತಾರೆ. ಈಗ ನೋಡಿ." ಡಬ್ಬಿಯೊಳಕ್ಕೆ ಗಾಳಿ ತುಂಬಿದರು. ಪಕ್ಕದ ಒತ್ತಡದ ಮೀಟರಿನ ಮುಳ್ಳು ಎಂಬತ್ತು ಪೌಂಡಿಗೆ ಏರಿತು. ಒಳಗಿನ ಕಿಡಿ ಮಾಯವಾಯಿತು. ಬದಲಿಗೆ ಪ್ಲಗ್ಗಿನ ಬಿಳಿ ಪಿಂಗಾಣಿಯ ಹೊರಮೈ ಮೇಲೆ ಎಳೆಯಂಥ ಬೆಳಕು ಸರಸರ ಹರಿಯಿತು. "ಎಂಜಿನ್ ಒಳಗೆ ಗಾಳಿ ಹಿಂಗೇ ಒತ್ಕೊಂಡಿರುತ್ತೆ. ಅಲ್ಲಿ ಕಿಡಿ ಹಾರೋದು ಕಷ್ಟ. ಕರೆಂಟು ಸೋಮಾರಿ ಮೇಡಂ, ಸುಲಭದ ದಾರಿ ಹುಡುಕುತ್ತೆ. ಬಿರುಕಿರಲಿ, ಕೊಳೆ ಇರಲಿ, ಅಲ್ಲಿಂದ ಸೋರಿಹೋಗುತ್ತೆ."

ಗುರುದೇವಿ ಬ್ಯಾಗಿನಿಂದ ಪೊಲೀಸರು ತೆಗೆದ ಫೋಟೋ ತೆಗೆದಳು. ಟ್ರ್ಯಾಕ್ಟರಿನ ಪ್ಲಗ್ಗುಗಳು, ತೀರ ಹತ್ತಿರದಿಂದ. ಪ್ರತಿಯೊಂದರ ಪಿಂಗಾಣಿಯ ಮೇಲೂ ಮೇಲಿನಿಂದ ಕೆಳಕ್ಕೆ ಸಣ್ಣ ಅಕ್ಷರದಲ್ಲಿ 'ಸಿಲಿಂಡರ್ 1', 'ಸಿಲಿಂಡರ್ 2' ಎಂದು ಇಂಗ್ಲಿಷಿನಲ್ಲಿ ಬರೆದಿತ್ತು. ಬರಹದ ಗುಂಟ ಕಂದುಬಣ್ಣದ ಸುಟ್ಟ ಗೆರೆ.

"ಈ ನಂಬರು ನಿಮ್ಮ ರಿಪೋರ್ಟಿನ ನಂಬರಿಗೆ ತಾಳೆ ಆಗತಾವು. ಅದಕ್ಕ ನೀವೇ ಬರದೀರಿ ಅಂತಾರ."

ಷರೀಫ್ ಫೋಟೋವನ್ನು ದೀಪದ ಕೆಳಗೆ ಹಿಡಿದರು. ಕಳ್ಳ ಎಂದಾಗ ಸಿಟ್ಟಾಗದ ಮನುಷ್ಯ ಈಗ ಎದ್ದು ನಿಂತರು.

"ಪೆನ್ಸಿಲ್! ಇದು ಪೆನ್ಸಿಲ್ಲಲ್ಲಿ ಬರೆದಿರೋದು! ನಾನು? ನಾನು ಪಿಂಗಾಣಿ ಮೇಲೆ ಪೆನ್ಸಿಲ್ಲಲ್ಲಿ ಬರೀತೀನಾ?"

"ಯಾಕ, ಬರದರ ಏನಾಗತೈತಿ?"

"ಮೇಡಂ, ಪೆನ್ಸಿಲ್ ಒಳಗಿರೋದು ಗ್ರಾಫೈಟ್. ಅದರಲ್ಲಿ ಕರೆಂಟ್ ಹರಿಯುತ್ತೆ. ಇನ್ಸುಲೇಟರ್ ಮೇಲೆ ಪೆನ್ಸಿಲ್ ಗೀಚೋದೂ ಒಂದೇ, ಅಡ್ಡ ತಂತಿ ಕಟ್ಟೋದೂ ಒಂದೇ. ಇದು ಮೊದಲನೇ ದಿನ ಹೇಳಿಕೊಡೋ ಪಾಠ. ಬೆಂಗಳೂರಲ್ಲಿ ನಮ್ಮ ಫೋರ್‌ಮನ್ನು ಗೇಟಲ್ಲೇ ಜೇಬು ತಡಕಿ ಪೆನ್ಸಿಲ್ ಕಿತ್ಕೊಳ್ತಿದ್ದ. ನಾನು ನಂಬರಿಗೆ ಹಿತ್ತಾಳೆ ಬಿಲ್ಲೆ ಕಟ್ಟಿ ಕೊಟ್ಟಿದ್ದೆ. ಕದ್ದೆ ಅನ್ನಲಿ, ಹೋಗ್ಲಿ. ಇಷ್ಟು ದಡ್ಡ ಅನ್ಬೇಡಿ!"

ಅಲಿಯಾ ಬಾಗಿಲಲ್ಲಿ ನಿಂತಿದ್ದಳು. ಅವಳಿಗೆ ಅಪ್ಪನ ಮಾತು ಸಾಕಾಗಿತ್ತು. "ಡ್ಯಾಡ್, ಟೆಲ್ ದೆಮ್ ಅಬೌಟ್ ಫ್ರೈಡೇ."

ಷರೀಫ್ ಕೂತರು. ಹೇಳಲು ಮನಸ್ಸಿರಲಿಲ್ಲ, ಆದರೂ ಹೇಳಿದರು. ಶುಕ್ರವಾರ ಅವರ ಸಿಟಿಜನ್‌ಷಿಪ್ ಇಂಟರ್‌ವ್ಯೂ. ಅಪ್ಲೈ ಮಾಡಿ ಎರಡು ವರ್ಷವಾಗಿತ್ತು. ಜೊತೆಗೆ ಅಪ್ಲೈ ಮಾಡಿದವರೆಲ್ಲ ಪ್ರಮಾಣ ಮಾಡಿ, ಲಾಡು ಹಂಚಿ ಮರೆತಿದ್ದರು. ಇವರಿಗೆ ಮಾತ್ರ 'ಹೆಸರಿನ ತಪಾಸಣೆ ನಡೆಯುತ್ತಿದೆ' ಎಂದು ಕಾಗದ ಬರುತ್ತಲೇ ಇತ್ತು. ಕೊನೆಗೂ ಕರೆ ಬಂದ ವಾರವೇ ಈ ಕಳ್ಳತನದ ದೂರು.

"ಲಾಯರ್ ಹೇಳ್ತಾರೆ, ದೂರು ಹಂಗೇ ಇಟ್ಕೊಂಡು ಹೋದ್ರೆ ರಿಜೆಕ್ಟ್ ಮಾಡಬಹುದು, ಮುಂದಕ್ಕೆ ಹಾಕಿಸ್ಕೊಂಡ್ರೆ ಮತ್ತೆ ಕ್ಯೂನ ಕೊನೇಲಿ ನಿಲ್ಬೇಕು ಅಂತ. ನನ್ನ ಹೆಂಡತಿ ಗುಲ್‌ಶನ್ ಮೂರು ದಿನದಿಂದ ಸರಿಯಾಗಿ ಊಟ ಮಾಡಿಲ್ಲ. ನಾನು ಕಾರ್ ಪಾರ್ಕಿಂಗ್ ಟಿಕೆಟ್ ಕೂಡ ತಗೊಂಡಿಲ್ಲ ಮೇಡಂ ಈ ದೇಶದಲ್ಲಿ."

ಗುರುದೇವಿ ಚಹಾ ಮುಗಿಸಿದಳು.

"ನಾಳೆ ಮುಂಜಾನೆ ಐದಕ್ಕ ನಿಮ್ಮನ್ನ ಮನಿಯಿಂದ ಎತ್ತಿಕೋತೀವಿ. ಮ್ಯೂಸಿಯಂಗೆ ನಮ್ಮ ಜೋಡಿ ಬರ್ರಿ. ಮತ್ತ, ನಿಮ್ಮ ರಿಪೋರ್ಟಿನ ಪೂರ್ತಿ ಪ್ರತಿ ಕೊಡ್ರಿ. ನಮಗ ಮೊದಲನೇ ಹಾಳಿ ಅಷ್ಟ ಕಳಿಸ್ಯಾರ."

* * *

ರಿಪೋರ್ಟು ಮೂರು ಹಾಳೆ. ಬುಧವಾರ ಕಾರಿನಲ್ಲಿ ಗುರುದೇವಿ ಅದನ್ನು ಓದಿದಳು. ಗ್ಯಾರಿ ಊರಿನ ಕಾರ್ಖಾನೆಗಳನ್ನು ದಾಟುವ ಹೊತ್ತಿಗೆ "ಅಯ್ಯೋ ಶಿವನ" ಎಂದಳು.

ಮೊದಲ ಹಾಳೆಯಲ್ಲಿ 'ಸಿಲಿಂಡರ್ 1ರಿಂದ 8ರವರೆಗಿನ ಎಂಟೂ ಪ್ಲಗ್ಗುಗಳ ಪರೀಕ್ಷೆ ಮುಗಿದಿದೆ' ಎಂದಿತ್ತು, ಕೆಳಗೆ ಸೀಲು. ಎರಡನೆಯದರಲ್ಲಿ ಅಂಕಿಗಳು. ಮೂರನೆಯದರಲ್ಲಿ ದಪ್ಪ ಅಕ್ಷರ: 'ಮೂರು ಮತ್ತು ಆರನೆಯ ಪ್ಲಗ್ಗಿನ ಪಿಂಗಾಣಿ ಒಳಗೆ ಬಿರುಕು ಬಿಟ್ಟಿದೆ. ಎಂಬತ್ತು ಪೌಂಡಿಗೆ ಸೋರುತ್ತವೆ. ಎಂಜಿನ್ನಿಗೆ ಹಾಕಬೇಡಿ. ಪ್ರದರ್ಶನಕ್ಕೆ ಮಾತ್ರ.'

"ಇದನ್ನ ಮಿಸೆಸ್ ಹ್ಯಾಡ್ಲಿಗೆ ಕಳಿಸಿದ್ರೇನ್ರಿ?"

ಹಿಂದಿನ ಸೀಟಿನಿಂದ ಷರೀಫ್ ಹೇಳಿದರು. "ಫ್ಯಾಕ್ಸ್ ಮಾಡ್ದೆ. ಫೋನಲ್ಲೂ ಹೇಳ್ದೆ. 'ವಂಡರ್‌ಫುಲ್' ಅಂದ್ರು."

"ಓದದವರೆಲ್ಲ ಹಂಗ ಅಂತಾರ" ಎಂದಳು ಗುರುದೇವಿ.

ಮಿಸೆಸ್ ಹ್ಯಾಡ್ಲಿ ನಮ್ಮನ್ನು ಬಾಗಿಲಲ್ಲೇ ನಿಲ್ಲಿಸಿ, ಷರೀಫ್ ಅವರತ್ತ ಬೆರಳು ತೋರಿಸಿ, "ಇವರು ಯಾಕೆ ಬಂದರು?" ಎಂದರು. "ನಮ್ಮ ಕಂಪನಿಯ ಖರ್ಚಿನಲ್ಲಿ ಬಂದಿದ್ದಾರೆ, ಪೆಟ್ಟಿಗೆ ತೋರಿಸಿ" ಎಂದಳು ಗುರುದೇವಿ. ಪೆಟ್ಟಿಗೆ ಬಂತು. ಷರೀಫ್ ಸೀಲಿನ ಕಾಗದವನ್ನು ಉಗುರಿನಿಂದ ಎತ್ತಿ, ಮೂಸಿ ನೋಡಿದರು.

"ಸಹಿ ನಂದೇ. ಅಂಟು ನಂದಲ್ಲ. ನಾನು ಹಾಕೋದು ಹಳದಿ ಗೋಂದು. ಇಲ್ಲಿ ಕೆಳಗಡೆ ಬಿಳೀ ಅಂಟು ಇದೆ ನೋಡಿ, ಹಿಟ್ಟಿನ ಸರಿ ಥರ. ಅವತ್ತು ಒಡೆದ ಕಡೆ ಬಿಟ್ರೆ ಕಾಗದ ಒಂದು ಚೂರೂ ಹರಿದಿಲ್ಲ. ಯಾರೋ ಎತ್ತಿ, ಮತ್ತೆ ಅಂಟಿಸಿದಾರೆ."

ಪೊಲೀಸರು ಸಹಿ ನೋಡಿದ್ದರು. ಸಹಿಯ ಕೆಳಗೆ ನೋಡುವ ತೊಂದರೆ ತೆಗೆದುಕೊಂಡಿರಲಿಲ್ಲ.

* * *

ಮೊದಲು ವಾಲ್ಟನ ವರ್ಕ್‌ಶಾಪ್. ಅರವತ್ತು ದಾಟಿದ ದೊಡ್ಡ ಆಳು, ಹುಬ್ಬಿಲ್ಲದ ಮುಖ. ಕಿವಿಯ ಮೇಲೆ ಒಂದು ಪೆನ್ಸಿಲ್. ನಾನು ಗುರುದೇವಿಯನ್ನು ಮೊಣಕೈಯಿಂದ ತಿವಿದೆ. ಮುರಿದ ಕೈಗೆ ತಾಗಿತು. ಅವಳು ನನ್ನನ್ನು ನೋಡಿದ ನೋಟವನ್ನು ಇಲ್ಲಿ ಬರೆಯುವುದಿಲ್ಲ.

ವಾಲ್ಟನ ಹಿಂದೆ ಗೋಡೆಗೆ ಸಾಲು ಸಾಲು ಡ್ರಾಯರ್. ಒಂದನ್ನು ಎಳೆದ. ತುಂಬ ಹಳೆಯ ಟ್ರ್ಯಾಕ್ಟರ್ ಪ್ಲಗ್ಗುಗಳು.

"ನಕಲಿಗಳು ಇಲ್ಲಿಂದಲೇ ಹೋಗಿವೆ. ನಾನೇ ಪೊಲೀಸರಿಗೆ ಹೇಳಿದೆ. ಬೀಗವಿಲ್ಲ, ಯಾರು ಬೇಕಾದರೂ ಬರಬಹುದು" ಎಂದ.

"ಎಂಜಿನ್ನಿಗೆ ಕೂರಿಸುವಾಗ ಗೊತ್ತಾಗಲಿಲ್ಲವೇ?" ಎಂದು ಗುರುದೇವಿ ಇಂಗ್ಲಿಷಿನಲ್ಲಿ ಕೇಳಿದಳು.

"ಅಸಲಿಯನ್ನು ನಾನು ನೋಡಿದ್ದು ಒಂದೇ ಸಲ, ಬೇಸಿಗೆಯಲ್ಲಿ. ಅವು ಯಾವಾಗಲೂ ಮೇಲೆ ಸ್ಟೋರಿನಲ್ಲಿ ಹತ್ತಿಯೊಳಗೆ ಮಲಗಿರುತ್ತವೆ. ಸೀಲು ಒಡೆದೆ, ಮಿಸೆಸ್ ಹ್ಯಾಡ್ಲಿ 'ಬೇಗ, ಬೇಗ' ಎಂದರು, ತಿರುಗಿಸಿ ಕೂರಿಸಿದೆ. ನಂಬರು ಲ್ಯಾಬಿನವರು ಬರೆದಿದ್ದಾರೆ ಅಂದುಕೊಂಡೆ. ಮಸಿ ಅಂದುಕೊಂಡೆ. ಪೆನ್ಸಿಲ್ ಎಂದು ಗೊತ್ತಾಗಿದ್ದರೆ ಅಲ್ಲೇ ನಿಲ್ಲಿಸುತ್ತಿದ್ದೆ."

"ನೀವು ನಂಬರು ಹೇಗೆ ಹಾಕುತ್ತೀರಿ?"

ಅವನು ಮೇಜಿನ ಮೇಲಿದ್ದ ಪ್ಲಗ್ ಎತ್ತಿ ತೋರಿಸಿದ. ಪಿಂಗಾಣಿಯ ಕೆಳಗಿನ ಲೋಹದ ಮೈ ಮೇಲೆ ಉಳಿಯಿಂದ ಹೊಡೆದ ಮೂರು ಚುಕ್ಕೆ. "ಮೂರನೆಯ ಸಿಲಿಂಡರ್. ನನ್ನಪ್ಪನೂ ಹೀಗೇ ಮಾಡುತ್ತಿದ್ದ." ಕಿವಿಯ ಪೆನ್ಸಿಲ್ ಮುಟ್ಟಿಕೊಂಡು, "ಇದು ರೆಕ್ಕೆಯ ಮರಕ್ಕೆ" ಎಂದ.

ಹೊರಗೆ ಬಂದು ನಾನು ಕೇಳಿದೆ. "ಸುಳ್ಳು ಹೇಳತಿರಬಹುದಲ್ಲ?"

"ತನ್ನ ಕೈಯಾರ ಕೆಟ್ಟ ಪ್ಲಗ್ ಹಾಕಿ, ಅದರ ಬಾಯಿಗೇ ಮುಖ ಕೊಟ್ಟು ನಿಲ್ಲತಾನೇನ್ರಿ? ಹುಬ್ಬು ಸುಟ್ಟುಕೊಂಡಾನ ಪಾಪ. ನಡೀರಿ ಮ್ಯಾಲ."

* * *

ಮೇಲೆ ಸ್ಟೋರು. ಬಾಗಿಲು ತೆರೆದವಳು ತನಿಷಾ, ಮ್ಯೂಸಿಯಂನ ವಸ್ತುಗಳನ್ನೆಲ್ಲ ಕಾಯುವ ರಿಜಿಸ್ಟ್ರಾರ್. ಇಪ್ಪತ್ತೇಳರ ಹುಡುಗಿ. ಇಲ್ಲೇ ಹುಟ್ಟಿದವಳು. ಅವಳ ಅಪ್ಪ ಪದ್ಮನಾಭ, ಅಮೆರಿಕಕ್ಕೆ ಬರುವ ಮುಂಚೆ ಬೆಂಗಳೂರಿನ ಕಾರ್ಖಾನೆಯಲ್ಲಿ ಷರೀಫ್ ಅವರ ಜೊತೆಯಲ್ಲಿದ್ದವರು. ಈ ಲ್ಯಾಬಿಗೇ ಪ್ಲಗ್ ಕಳಿಸಿ ಎಂದು ಮ್ಯೂಸಿಯಂಗೆ ಶಿಫಾರಸು ಮಾಡಿದವಳೂ ಅವಳೇ.

"ಹಾಯ್, ಷರೀಫ್ ಅಂಕಲ್" ಎಂದಳು. ಅವರ ಮುಖ ನೋಡಲಿಲ್ಲ, ಶೂ ನೋಡಿದಳು.

ನಾನು ಟಿಪ್ಪಣಿಗೆಂದು ಪೆನ್ ತೆಗೆದೆ. ಅವಳು ಹಾವು ಕಂಡವಳಂತೆ ಹಿಂದೆ ಸರಿದಳು. "ಸಾರಿ ಅಂಕಲ್, ನೋ ಪೆನ್ಸ್ ಇನ್ ಹಿಯರ್." ನನ್ನ ಪೆನ್ನು ಬಾಗಿಲ ಪಕ್ಕದ ಬುಟ್ಟಿಗೆ ಹೋಯಿತು. ಮಸಿ ಒಂದು ಹನಿ ಬಿದ್ದರೂ ನೂರು ವರ್ಷದ ವಸ್ತು ಹಾಳು, ಪೆನ್ಸಿಲ್ ಆದರೆ ಅಳಿಸಬಹುದು ಎಂದು ಅವಳು ಇಂಗ್ಲಿಷಿನಲ್ಲಿ ಪಾಠ ಹೇಳಿ, ಚೂಪು ಮಾಡಿದ ಪೆನ್ಸಿಲ್ ಕೈಗಿಟ್ಟಳು. ಆ ರಜೆಯಲ್ಲಿ ನನಗೆ ಸಿಕ್ಕ ಒಂದೇ ಉಡುಗೊರೆ ಅದು.

ಅವಳ ಮೇಜಿನ ಮೇಲೆ ಹಳೆಯ ಚರ್ಮದ ಪೆಟ್ಟಿಗೆಯೊಂದಿತ್ತು. ನಾವು ಬರುವ ಮುಂಚೆ ಅದರ ಮೇಲಿನ ರೈಲ್ವೆ ಲೇಬಲ್ಲನ್ನು ಬಿಸಿಯಾದ ಪುಟ್ಟ ಚಪ್ಪಟೆ ಸಟುಗದಿಂದ ಎಬ್ಬಿಸುತ್ತಿದ್ದಳು. ಕಾಗದ ಒಂದು ಚೂರೂ ಹರಿದಿರಲಿಲ್ಲ. ಪಕ್ಕದಲ್ಲಿ ಬಟ್ಟಲು ತುಂಬ ಬಿಳೀ ಸರಿ.

ಗುರುದೇವಿ ಅದನ್ನು ನೋಡಿದಳು. ಷರೀಫ್ ನೋಡಿದರು. ನಾನೂ ನೋಡಿದೆ, ಆದರೆ ನನಗೆ ಬೆಳಗಾಗಲು ಇನ್ನೆರಡು ನಿಮಿಷ ಬೇಕಾಯಿತು.

"ತನಿಷಾ, ಎಂಜಿನ್ ಓಡಿಸೋ ಕಾರ್ಯಕ್ರಮ ನಿನಗ ಇಷ್ಟ ಇತ್ತೇನು?"

ಅವಳು ಕನ್ನಡದಲ್ಲಿ ಶುರುಮಾಡಿದಳು. "ಇಲ್ಲ ಆಂಟಿ. ಅದು..." ಕನ್ನಡ ಸಾಲಲಿಲ್ಲ. ಇಂಗ್ಲಿಷಿಗೆ ಜಾರಿದಳು. ಅಂಥ ಪ್ಲಗ್ಗು ಇಡೀ ದೇಶದಲ್ಲಿ ಅವೇ ಎಂಟು. ಎರಡು ನಿಮಿಷದ ಚಪ್ಪಾಳೆಗಾಗಿ ಅವುಗಳನ್ನು ಸುಡುವುದು ಹುಚ್ಚುತನ. ನಾಲ್ಕು ಸಲ ಮಿಸೆಸ್ ಹ್ಯಾಡ್ಲಿಗೆ ಬರೆದು ಕೊಟ್ಟಳಂತೆ. ನಾಲ್ಕು ಸಲವೂ ಅವರು ಕಾರ್ಯಕ್ರಮದ ಬಾವುಟದ ಬಣ್ಣ ಕೇಳಿದರಂತೆ. ಹೇಳುವಾಗ ಅವಳ ಕಣ್ಣಲ್ಲಿ ನೀರು ಬಂತು. ಸುಳ್ಳಿನ ನೀರಲ್ಲ.

ಗುರುದೇವಿ ಎದ್ದು ಕಪಾಟುಗಳ ನಡುವೆ ನಡೆದಳು. ಸಾವಿರಾರು ಬಿಳಿ ಪೆಟ್ಟಿಗೆಗಳು. ಪ್ರತಿಯೊಂದರ ಮೇಲೂ ಪೆನ್ಸಿಲ್ಲಿನಲ್ಲಿ ಮುದ್ದಾಗಿ ಬರೆದ ನಂಬರು. ಹತ್ತು ನಿಮಿಷ ಸುತ್ತಿದಳು. ಕೊನೆಯ ಸಾಲಿನಲ್ಲಿ ನಿಂತಳು.

"ರೀ, ಕೆಳಗ ಹೋಗಿ ವಾಲ್ಟನ್ನ, ಆ ಹ್ಯಾಡ್ಲಿ ಬಾಯಾರನ್ನ ಕರಕೊಂಡ ಬರ್ರಿ."

* * *

ಎಲ್ಲರೂ ಬಂದರು. ಗುರುದೇವಿ ಇಂಗ್ಲಿಷಿನಲ್ಲಿ ಮಾತಾಡಿದಳು. ಸಹನೆ ಮುಗಿದ ಟೀಚರಿನ ಧ್ವನಿ.

"ಪ್ಲಗ್ಗಿನ ಮೇಲೆ ಬರೆದದ್ದು ಪೆನ್ಸಿಲ್. ಷರೀಫ್ ಮೂವತ್ತು ವರ್ಷದ ಅನುಭವಿ. ಪಿಂಗಾಣಿಗೆ ಪೆನ್ಸಿಲ್ ಮುಟ್ಟಿಸುವುದು ಅವರ ಕಸುಬಿನಲ್ಲಿ ಪಾಪ. ವಾಲ್ಟ್‌ಗೂ ಅಷ್ಟೇ, ಅವನು ಚುಕ್ಕೆ ಹೊಡೆಯುತ್ತಾನೆ. ಮಿಸೆಸ್ ಹ್ಯಾಡ್ಲಿ, ನೀವು ವಸ್ತುಗಳನ್ನು ಮುಟ್ಟುವುದೇ ಇಲ್ಲ, ಬರೀ ತೋರಿಸುತ್ತೀರಿ. ಹಳೆಯ ವಸ್ತುವಿನ ಮೇಲೆ ಪೆನ್ಸಿಲ್ಲಿನಲ್ಲೇ ಬರೆಯಬೇಕು ಎಂದು ಕಲಿತ ಕಸುಬು ಈ ಮನೆಯಲ್ಲಿ ಒಂದೇ. ಒಂದು ಕಡೆ ಪಾಪವಾದದ್ದು ಇನ್ನೊಂದು ಕಡೆ ಶಿಸ್ತು. ನಕಲಿ ಪ್ಲಗ್ಗು ಯಾವ ಸಿಲಿಂಡರಿಗೆ ಯಾವುದು ಎಂದು ತಿಳಿಯಲು ಅವಳು ಕೈ ಅಭ್ಯಾಸದಂತೆ ಬರೆದಳು. ಆ ಬರಹದಿಂದಲೇ ಕರೆಂಟು ಸೋರಿ, ಕಿಡಿ ತಪ್ಪಿ, ಬೆಂಕಿ ಬಿತ್ತು. ಅದು ಅವಳಿಗೆ ಗೊತ್ತಿರಲಿಲ್ಲ."

ತನಿಷಾ ಮೇಜು ಹಿಡಿದುಕೊಂಡಳು.

"ಲ್ಯಾಬಿನ ಸೀಲನ್ನು ಹರಿಯದೆ ಎಬ್ಬಿಸುವ ಸಟುಗ ಇಲ್ಲಿದೆ. ಮತ್ತೆ ಅಂಟಿಸಿದ ಬಿಳೀ ಸರಿಯೂ ಇಲ್ಲಿದೆ. ಇನ್ನು ಅಸಲಿಗಳು. ಪ್ರಾಣಕ್ಕಿಂತ ಹೆಚ್ಚಾಗಿ ಕಾಯುವವಳು ಅವನ್ನು ಮಾರುವುದಿಲ್ಲ. ಮನೆಗೂ ಒಯ್ಯುವುದಿಲ್ಲ, ಮನೆಯಲ್ಲಿ ತೇವ, ಧೂಳು. ಇಲ್ಲೇ ಇರಬೇಕು. ಆದರೆ ಸುಳ್ಳು ನಂಬರು ಬರೆಯಲು ಅವಳ ಕೈ ಬರಲಿಲ್ಲ. ಈ ಕೋಣೆಯಲ್ಲಿ ನಂಬರಿಲ್ಲದ ಪೆಟ್ಟಿಗೆ ಇದೊಂದೇ."

ನಾನು ಪೆಟ್ಟಿಗೆ ತಂದು ತೆರೆದೆ. ಹತ್ತಿಯ ಹಾಸಿಗೆಯ ಮೇಲೆ, ತೆಳು ಕಾಗದದಲ್ಲಿ ಸುತ್ತಿ, ಎಂಟು ಪ್ಲಗ್ಗು. ಒಂದೊಂದಕ್ಕೂ ಷರೀಫ್ ಅವರ ಹಿತ್ತಾಳೆ ಬಿಲ್ಲೆ.

"ಎಂಜಿನ್ ಸುಮ್ಮನೆ ಓಡುತ್ತೆ, ಯಾರಿಗೂ ಗೊತ್ತಾಗಲ್ಲ ಅಂದುಕೊಂಡೆ" ಎಂದಳು ತನಿಷಾ. "ಕಾರ್ಯಕ್ರಮ ಮುಗಿದ ಮೇಲೆ ಸ್ವಸ್ಥಾನಕ್ಕೆ ಇಡುವವಳಿದ್ದೆ. ಬೆಂಕಿ ಬಿತ್ತು. ಪೊಲೀಸರು ಬಂದರು. ಅಂಕಲ್ ಹೆಸರು ಬಂತು. ನಾಳೆ ಹೇಳೋಣ, ನಾಳೆ ಹೇಳೋಣ ಅಂತ..."

"ಇನ್ನೊಂದು ಕೇಳು" ಎಂದು ಗುರುದೇವಿ ಕನ್ನಡಕ್ಕೆ ತಿರುಗಿದಳು. ಮೂರನೆಯ ಹಾಳೆಯನ್ನು ಅವಳ ಮುಂದೆ ಹಿಡಿದಳು. "ಇವನ್ನ ಎಂಜಿನ್ನಿಗೆ ಹಾಕಬ್ಯಾಡ್ರಿ ಅಂತ ನಿಮ್ಮ ಅಂಕಲ್ ಮೊದಲ ಬರದಾರ. ನಿಮ್ಮ ಬಾಯಾರು ಓದಲಿಲ್ಲ. ನೀನು ಫೋನ್ ಎತ್ತಿ ಅವರನ್ನ ಒಂದು ಮಾತು ಕೇಳಲಿಲ್ಲ. ಒಂದು ಫೋನಿನ್ಯಾಗ ಮುಗಿಯೋ ಮಾತಿಗೆ ಇಷ್ಟೆಲ್ಲ!"

ತನಿಷಾ ಓದಿದಳು. ಮತ್ತೆ ಓದಿದಳು. ಕುರ್ಚಿಯಲ್ಲಿ ಕುಸಿದಳು.

ಮಿಸೆಸ್ ಹ್ಯಾಡ್ಲಿ ಗಂಟಲು ಸರಿ ಮಾಡಿಕೊಂಡರು. "ಅಂತೂ ಸಿಕ್ಕವಲ್ಲ! ವಂಡರ್‌ಫುಲ್. ಏನೋ ತಪ್ಪು ತಿಳಿವಳಿಕೆ ಎಂದು ದೂರು ವಾಪಸು ತೆಗೆದುಕೊಳ್ಳುತ್ತೇನೆ. ಇಲ್ಲಿಗೆ ಬಿಡೋಣ."

"ಬಿಡಲ್ಲ" ಎಂದರು ಷರೀಫ್. ಡೈರೆಕ್ಟರಿಗೆ ಇಂಗ್ಲಿಷಿನಲ್ಲಿ ಹೇಳಿದರು. "ವಸ್ತು ಸಿಕ್ಕಿತು ಎಂದು ಮಾತ್ರ ಬರೆದರೆ ಕದ್ದವನು ಷರೀಫ್, ಆಮೇಲೆ ವಾಪಸು ಕೊಟ್ಟ ಎಂದೇ ಉಳಿಯುತ್ತದೆ. ಯಾರು ತೆಗೆದರು ಎಂದು ಬರೆಯಬೇಕು. ನಾಳೆಯೊಳಗೆ."

"ಈ ಹುಡುಗಿಯ ಕೆಲಸ ಹೋಗುತ್ತದೆ" ಎಂದರು ಮಿಸೆಸ್ ಹ್ಯಾಡ್ಲಿ. ಅವರಿಗೆ ಅದು ಅಷ್ಟು ಬೇಗ ನೆನಪಾದದ್ದು ನನ್ನ ಮೈ ಉರಿಸಿತು.

"ಅಂಕಲ್, ಐ ಯಾಮ್ ಸೋ ಸಾರಿ. ನೀವು ಅರೆಸ್ಟ್ ಆಗಲ್ಲ, ಇನ್ಶೂರೆನ್ಸ್ ಎಲ್ಲಾ ನೋಡ್ಕೊಳ್ಳುತ್ತೆ ಅಂದ್ಕೊಂಡೆ."

ಷರೀಫ್ ಅವಳ ಎದುರಿಗೆ ಹೋಗಿ ನಿಂತರು. ಧ್ವನಿ ಏರಲಿಲ್ಲ.

"ನೀನು ಮೂರು ವರ್ಷದೋಳಿದ್ದಾಗ ನಿಮ್ಮಪ್ಪ ಫ್ಯಾಕ್ಟರಿಗೆ ಫೋಟೋ ಕಳಿಸಿದ್ರು. ಇಡೀ ಶಿಫ್ಟಿಗೆ ತೋರಿಸಿದ್ದೆ ನಾನು. ಈಗ ಈ ಪ್ಲಗ್‌ಗಳಿಗೆ ಹತ್ತಿ ಹಾಸಿ ಮಲಗಿಸಿದೀಯಲ್ಲಮ್ಮ. ಒಂದು ಗೀರು ಬೀಳಬಾರದು ಅಂತ. ನನ್ನನ್ನ ಎಲ್ಲಿ ಮಲಗಿಸೋಕೆ ಹೊರಟಿದ್ದೆ ನೀನು?"

ವಾಲ್ಟ್‌ಗೆ ಕನ್ನಡ ಬರುವುದಿಲ್ಲ, ಆದರೂ ಅವನು ಟೋಪಿ ತೆಗೆದ.

ತನಿಷಾ ಕಣ್ಣೊರೆಸಿಕೊಂಡು ಮೇಜಿನ ಫೋನು ಎಳೆದುಕೊಂಡಳು. ಪೊಲೀಸ್ ಡಿಟೆಕ್ಟಿವ್‌ನ ಕಾರ್ಡು ಅಲ್ಲೇ ಇತ್ತು. "ನನ್ನ ಹೆಸರು ತನಿಷಾ ಪದ್ಮನಾಭ" ಎಂದಳು ಇಂಗ್ಲಿಷಿನಲ್ಲಿ. ಆತ ಅಪ್ಪನ ಹೆಸರಿನ ಸ್ಪೆಲಿಂಗ್ ಎರಡು ಸಲ ಕೇಳಿದ. ಎರಡು ಸಲ ಹೇಳಿದಳು. "ಮಿಸ್ಟರ್ ಷರೀಫ್ ಅವನ್ನು ತೆಗೆದಿಲ್ಲ. ನಾನು ತೆಗೆದೆ. ಹೌದು, ನಾನೊಬ್ಬಳೇ. ಬರೆದು ಸಹಿ ಮಾಡಲು ಈಗಲೇ ಸ್ಟೇಷನ್ನಿಗೆ ಬರುತ್ತೇನೆ."

ಫೋನಿಟ್ಟು, ಕೋಟು ಹಾಕಿಕೊಂಡು, ಕೊರಳಲ್ಲಿದ್ದ ಸ್ಟೋರಿನ ಕೀಲಿಯನ್ನು ಮಿಸೆಸ್ ಹ್ಯಾಡ್ಲಿ ಕೇಳುವ ಮೊದಲೇ ತೆಗೆದುಕೊಟ್ಟಳು. ವಾಲ್ಟ್ ಅವಳನ್ನು ತನ್ನ ಟ್ರಕ್ಕಿನಲ್ಲಿ ಕರೆದುಕೊಂಡು ಹೋದ.

* * *

ಸ್ಟೇಷನ್ನಿನಲ್ಲಿ ನಾಲ್ಕು ತಾಸು ಕೂತೆವು. ಡಿಟೆಕ್ಟಿವ್ ಮೊದಲು ಕಾಗದವನ್ನು ಅಂಚೆಯಲ್ಲಿ ಕಳಿಸುತ್ತೇನೆ, ಹತ್ತು ದಿನವಾಗುತ್ತದೆ ಎಂದ. ಗುರುದೇವಿ ತನ್ನ ಪ್ಲಾಸ್ಟರ್ ಹಾಕಿದ ಕೈಯನ್ನು ಅವನ ಮೇಜಿನ ಮೇಲೆ ಇಟ್ಟು, ಹತ್ತು ದಿನ ಇಲ್ಲೇ ಕೂರುತ್ತೇನೆ ಎಂದಳು. ಅರ್ಧ ತಾಸಿನಲ್ಲಿ ಕಾಗದ ಟೈಪಾಯಿತು. ಮುದ್ರೆ ಬಿತ್ತು.

ಕತ್ತಲಾಗುವ ಮೊದಲೇ ಹೆದ್ದಾರಿ ಹಿಡಿದೆವು. ಷರೀಫ್ ಹಿಂದಿನ ಸೀಟಿನಲ್ಲಿ ಕಾಗದವನ್ನು ಮಡಿಸದೆ ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದರು. ಕಲಮಜೂ ದಾಟಿದ ಮೇಲೆ ನನ್ನ ಮೊಬೈಲ್ ಕೇಳಿದರು. ಮನೆಗೆ ಹಚ್ಚಿದರು.

"ಗುಲ್‌ಶನ್" ಎಂದರು. ಕಾಗದವನ್ನು ಮತ್ತೊಮ್ಮೆ ನೋಡಿಕೊಂಡರು. "ಬರೆದುಕೊಟ್ರು. ಷರೀಫ್ ಕದ್ದಿಲ್ಲ ಅಂತ ಬರೆದುಕೊಟ್ರು."

ಆಮೇಲೆ ಆ ಮನುಷ್ಯ ಅತ್ತರು. ಕದಿಯದವನು, ಕದ್ದಿಲ್ಲ ಎಂಬ ಕಾಗದ ತೊಡೆಯ ಮೇಲಿಟ್ಟುಕೊಂಡು ಸಂತೋಷಕ್ಕೆ ಅಳಬೇಕಾಯಿತಲ್ಲ ಎಂದು ನನಗೆ ತಡೆಯಲಾರದ ಸಿಟ್ಟು ಬಂತು. ಯಾರ ಮೇಲೆ ಎಂದು ತಿಳಿಯಲಿಲ್ಲ. ಮೂರು ದಿನದಿಂದ ಎಲ್ಲರನ್ನೂ ಬಯ್ಯುತ್ತಿದ್ದ ಗುರುದೇವಿ ಎಡಗೈಯನ್ನು ಹಿಂದಕ್ಕೆ ಚಾಚಿ ಅವರಿಗೆ ನೀರಿನ ಬಾಟಲಿ ಕೊಟ್ಟಳು.